ಚಿಕ್ಕಬಳ್ಳಾಪುರ ಬಸ್ ನಿಲ್ದಾಣದಲ್ಲಿ ಹತ್ತು ನಗು

ಮಾರ್ಚ್ ತಿಂಗಳ ಮೊದಲ ಭಾನುವಾರ, ಬೆಳಗ್ಗೆ ಹತ್ತು ಇಪ್ಪತ್ತು. ಸ್ಥಳ: ಶಿಡ್ಲಘಟ್ಟ, ಖಲೀಲ್ ಸಾಹೇಬರ ಮನೆಯ ಮುಂದಿನ ಕೋಣೆ. ಹಾಜರಿದ್ದವರು: ಖಲೀಲ್ ಸಾಹೇಬರು, ಅವರ ಪತ್ನಿ ಜೈನಬ್, ನಾನು. ಬಲಗೈ ನಡುಕ, ತೊಡೆಯ ಮೇಲೆ ಸುಮ್ಮನಿದ್ದಾಗ ಹೆಚ್ಚು. ಟೀ ಲೋಟಕ್ಕೆ ಕೈ ಚಾಚಿದ ಕ್ಷಣ ನಿಂತಿತು. ಲೋಟ ಹಿಡಿದು ಎರಡು ಉಸಿರಾದ ಮೇಲೆ ಮತ್ತೆ ಶುರುವಾಯಿತು. ಮಾತು ಸ್ಪಷ್ಟ. ಮನಸ್ಸು ಸರಿಯಿಲ್ಲ.

ಇದು ನನ್ನ ಒಂದು ನೋಟ್‌ಬುಕ್ಕಿನ ಮೊದಲ ಪುಟ. ಮೂವತ್ತಾರು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳಿಗೆ ಬೇರೆ ರೀತಿಯಲ್ಲಿ ಬರೆಯಲು ಬರುವುದಿಲ್ಲ. ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ವಾರ್ಡು ಒಪ್ಪಿಸುವಾಗ ದಿನ, ಹೊತ್ತು, ಯಾರಿದ್ದರು, ರೋಗಿ ಹೇಗಿದ್ದಾನೆ ಎಂದು ಬರೆದು ಸಹಿ ಹಾಕಬೇಕು. ನಿವೃತ್ತಳಾದ ಮೇಲೆ ಒಪ್ಪಿಸಲು ವಾರ್ಡಿಲ್ಲ, ಬರೆಯುವ ಅಭ್ಯಾಸ ಮಾತ್ರ ಉಳಿದಿದೆ.

ಕಳೆದ ವಾರ ಗೌರಿಬಿದನೂರಿನ ಒಂದು ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆಗೆ ರಕ್ತ ಕೊಡಲು ಕುಳಿತಿದ್ದೆ. ಅಲ್ಲಿನ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಒರೆಸಿದಳು. ಆ ವಾಸನೆಗೆ ನನಗೆ ಆಸ್ಪತ್ರೆ ನೆನಪಾಗಬೇಕಿತ್ತು. ನೆನಪಾದದ್ದು ಒಂದಕ್ಕೊಂದು ಅಂಟಿಕೊಂಡ ಇಸ್ಪೀಟ್ ಎಲೆಗಳು. ನಗು ತಡೆಯಲಾಗಲಿಲ್ಲ.

"ಎಲ್ರೂ ಚುಚ್ಚಿದ ಮೇಲೆ ಅಳ್ತಾರೆ. ನೀವು ಚುಚ್ಚೋಕೆ ಮುಂಚೆ ನಗ್ತೀರಲ್ಲ ಆಂಟಿ" ಎಂದಳು ಹುಡುಗಿ.

ಮನೆಗೆ ಬಂದು ಬೀರುವಿನಿಂದ ಈ ನೋಟ್‌ಬುಕ್ಕು ತೆಗೆದೆ. ಎರಡು ವರ್ಷದ ಹಿಂದಿನ ಬೇಸಿಗೆಯದು. ಹದಿನಾಲ್ಕು ವಾರ, ಹದಿನೈದು ಭಾನುವಾರ.

ಖಲೀಲ್ ಸಾಹೇಬರು ನಮ್ಮ ಆಸ್ಪತ್ರೆಯ ಕಂಪೌಂಡರು. ಕೊನೆಕೊನೆಗೆ ಹುದ್ದೆಯ ಹೆಸರು ಬದಲಾದರೂ ಹಳ್ಳಿಯವರ ಬಾಯಲ್ಲಿ ಕಂಪೌಂಡರಾಗಿಯೇ ಉಳಿದರು. ಹತ್ತೊಂಬತ್ತು ವರ್ಷ ನಾವಿಬ್ಬರೂ ಒಂದೇ ಕಾರಿಡಾರಿನಲ್ಲಿ ಕೆಲಸ ಮಾಡಿದೆವು. ಅವರ ಬಿಳಿ ಕೋಟಿನ ಎಡ ಜೇಬಿನಲ್ಲಿ ಪೆನ್ನು, ಬಲ ಜೇಬಿನಲ್ಲಿ ಒಂದು ಕಟ್ಟು ಇಸ್ಪೀಟ್ ಎಲೆ. ಇಂಜೆಕ್ಷನ್ ಕೋಣೆಯಲ್ಲಿ ಮಗುವಿನ ಕಿರುಚಾಟ ಕೇಳಿದರೆ ಔಷಧಿ ಕಿಟಕಿ ಬಿಟ್ಟು ಬರುತ್ತಿದ್ದರು. ಅವರ ಬೆರಳ ತುದಿಯಲ್ಲಿದ್ದ ಎಲೆ ಇಲ್ಲವಾಗಿ ಮಗುವಿನ ಕಿವಿಯ ಹಿಂದೆ ಹುಟ್ಟುತ್ತಿತ್ತು. ಮಗು ಬಾಯಿ ಬಿಟ್ಟುಕೊಂಡು ನೋಡುವಷ್ಟರಲ್ಲಿ ನಾನು ಸೂಜಿ ಹಾಕಿ ತೆಗೆದಿರುತ್ತಿದ್ದೆ. ಇಪ್ಪತ್ತು ಸೆಕೆಂಡಿನ ಕೆಲಸ. ಅವರ ಎಲೆಗಳ ಮೇಲೆ ನನಗಿದ್ದ ಪ್ರೀತಿಯೂ ಆ ಇಪ್ಪತ್ತು ಸೆಕೆಂಡಿನದೇ. ನಾನು ಬೆಳೆದ ನಗರಗೆರೆಯ ಮನೆಯಲ್ಲಿ ಇಸ್ಪೀಟು ಎಂಬ ಮಾತನ್ನು ಎತ್ತುವ ಹಾಗಿರಲಿಲ್ಲ. ಎಲೆ ಆಡುವವರು ಕೂರುತ್ತಾರೆಂದು ಅಪ್ಪ ಅರಳಿಕಟ್ಟೆಯ ದಾರಿಯನ್ನೇ ಬಿಟ್ಟು, ಸುತ್ತು ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದವರು.

ನಿವೃತ್ತಿಯಾದ ಮೇಲೆ ಸಾಹೇಬರು ಶಿಡ್ಲಘಟ್ಟದ ತಮ್ಮ ಮನೆಗೆ ಹೋದರು. ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರದ ಟೀ ಅಂಗಡಿಯಲ್ಲಿ ಕುಳಿತು, ದಿಬ್ಬೂರಹಳ್ಳಿ ಕಡೆಯಿಂದ ಗೂಡು ತಂದ ರೈತರಿಗೆ ಎಲೆಯಾಟ ತೋರಿಸುವುದು ಅವರ ಸಂತೋಷವಾಗಿತ್ತು. ಆಮೇಲೆ ಬಲಗೈಗೆ ನಡುಕ ಬಂತು. ಮೂರನೆಯ ವರ್ಷ, ನೆಂಟರ ಮದುವೆಯಲ್ಲಿ ಮಕ್ಕಳಿಗೆಂದು ಎಲೆ ಬಿಚ್ಚಿದಾಗ ಇಡೀ ಕಟ್ಟು ಕೈಯಿಂದ ಜಾರಿ ಶಾಮಿಯಾನದ ತುಂಬಾ ಚೆಲ್ಲಿತು. ಯಾರೋ ಯುವಕನೊಬ್ಬ ಅದನ್ನೆಲ್ಲ ಆರಿಸಿ, ಅವರ ಜೇಬಿಗೆ ತಾನೇ ತುರುಕಿ, ಭುಜ ತಟ್ಟಿ, "ಇರ್ಲಿ ಬಿಡಿ ದಾದಾ, ಹೋಗಿ ಕುತ್ಕೊಳ್ಳಿ" ಎಂದನಂತೆ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅಂದಿನಿಂದ ಸಾಹೇಬರು ಮನೆಯ ಹೊಸಿಲು ದಾಟಲಿಲ್ಲ. ಶುಕ್ರವಾರದ ನಮಾಜೂ ಮನೆಯಲ್ಲೇ.

ನಾಲ್ಕು ತಿಂಗಳು ಕಳೆದ ಮೇಲೆ ಜೈನಬ್ ನನಗೆ ಫೋನ್ ಮಾಡಿದರು. "ಸಿಸ್ಟರಮ್ಮ, ನಡೀದೆ ಇದ್ರೆ ಕಾಲೂ ಹಿಡ್ಕೊಳ್ತದೆ ಅಂತ ಡಾಕ್ಟ್ರು ಹೇಳವ್ರೆ. ಇವ್ರು ಕೇಳಲ್ಲ. ನೀವು ಬೈದ್ರೆ ಕೇಳ್ತಾರೆ."

ಬೈಯುವುದಕ್ಕೆಂದೇ ಹೋದೆ. ಮೇಲೆ ಬರೆದ ಮಾರ್ಚ್ ಭಾನುವಾರ ಅದೇ.

"ನಾಳೆಯಿಂದ ಬೆಳಗ್ಗೆ ಆರಕ್ಕೆ ಅರ್ಧ ಗಂಟೆ ನಡಿಗೆ. ಚಾರ್ಟ್ ಬರ್ಕೊಡ್ತೀನಿ" ಎಂದೆ.

"ಬರೀರಿ ಸಿಸ್ಟರ್. ಗೋಡೆಗೆ ಅಂಟಿಸ್ತೀನಿ. ಚಾರ್ಟ್ ನಡೀಲಿ, ನಾನು ನೋಡ್ತಿರ್ತೀನಿ."

"ಜನ ಏನಂತಾರೆ ಅಂತ ತಾನೆ? ಯಾರೂ ಏನೂ ಅನ್ನಲ್ಲ ಸಾಹೇಬ್ರೇ. ಹೊರಗೆ ಬರೋದು, ಅಷ್ಟೇ."

"ಅಷ್ಟೇನಾ?" ಅವರು ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. "ನೀವು ಯಾವತ್ತಾದ್ರೂ ಗೊತ್ತಿಲ್ದೋರ ಮುಂದೆ ನಿಂತು, ನನ್ನ ಕೈ ನೋಡಿ ಅಂದಿದೀರಾ? ಯೂನಿಫಾರ್ಮ್ ಇಲ್ದೆ?"

"ನಂಗ್ಯಾಕೆ ಅದು?"

"ಒಂದ್ಸಲ ನಿಂತು ನೋಡಿ. ಎಲೆ ನಾನು ಕಲಿಸ್ತೀನಿ. ನಿಮ್ಮ ಗುರುತಿಲ್ಲದ ಹತ್ತು ಜನ ನಿಮ್ಮ ಆಟ ನೋಡಿ ನಗಬೇಕು. ನಿಮ್ಮನ್ನ ನೋಡಿ ಅಲ್ಲ, ಆಟ ನೋಡಿ. ಹತ್ತು ನಗು ಆದ ಮೇಲೆ ನೀವು ಕರೆದ ಕಡೆ ನಾನು ಬರ್ತೀನಿ."

ಷರತ್ತು ಎಂದ ಮೇಲೆ ನಿಯಮ ಸ್ಪಷ್ಟವಾಗಿರಬೇಕು. "ಮುಗುಳ್ನಗೆ ಲೆಕ್ಕಕ್ಕುಂಟಾ?" ಎಂದು ಕೇಳಿದೆ.

"ಇಲ್ಲ. ಹಲ್ಲು ಕಾಣ್ಬೇಕು."

"ಹಲ್ಲಿಲ್ದೋರು ನಕ್ಕರೆ?" ಅಡುಗೆಮನೆಯಿಂದ ಜೈನಬ್ ಕೇಳಿದರು.

"ಒಸಡು ಕಾಣ್ಲಿ."

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಹತ್ತು ಜನ, ಅಪರಿಚಿತರು, ಹಲ್ಲು ಅಥವಾ ಒಸಡು. ಇಬ್ಬರೂ ಸಹಿ ಹಾಕಿದೆವು. ಅವರ ಸಹಿ ಮೊದಲು ಅರ್ಧ ಗೆರೆ ತುಂಬುತ್ತಿತ್ತು. ಆ ದಿನ ಅಕ್ಕಿ ಕಾಳಿನಷ್ಟಾಗಿತ್ತು.

ಮಾರ್ಚ್ ತಿಂಗಳೆಲ್ಲ ಕಲಿಕೆ. ಪ್ರತಿದಿನ ಬೆಳಗ್ಗೆ ಐದೂವರೆಯಿಂದ ಆರೂವರೆ: ಎಲೆ ಕಲೆಸುವುದು ಇಪ್ಪತ್ತು ನಿಮಿಷ, ಬೀಸಣಿಗೆಯಂತೆ ಬಿಡಿಸುವುದು ಇಪ್ಪತ್ತು, ಉಳಿದ ಇಪ್ಪತ್ತು ನಿಮಿಷ ಕನ್ನಡಿಯ ಮುಂದೆ. ನನ್ನ ಜೊತೆಗಿರುವ ತಂಗಿ ಪದ್ಮ ಕಾಫಿ ತಂದಿಟ್ಟು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು. "ಅಪ್ಪ ಹೋದ ಮೇಲೆ ಈ ಮನೇಲಿ ಇಸ್ಪೀಟು. ಅದೂ ಹಿರೀಮಗಳ ಕೈಲಿ. ಎದ್ದು ಬಂದಾರು ಕಣಕ್ಕ."

"ಬಂದ್ರೆ ಅವರಿಗೂ ಒಂದು ಎಲೆ ತೆಗಿ ಅಂತೀನಿ" ಎಂದೆ. ಅಂದದ್ದು ಧೈರ್ಯಕ್ಕೆ. ಕಿಟಕಿ ಮಾತ್ರ ಮುಚ್ಚಿಕೊಂಡೇ ಅಭ್ಯಾಸ ಮಾಡುತ್ತಿದ್ದೆ.

ಭಾನುವಾರ ಶಿಡ್ಲಘಟ್ಟಕ್ಕೆ ಹೋಗಿ ಪಾಠ ಒಪ್ಪಿಸಬೇಕು. ಸಾಹೇಬರು ಒಳ್ಳೆಯ ಗುರುಗಳು. ಆ ಬೀದಿಯಲ್ಲಿ ಮಧ್ಯಾಹ್ನದವರೆಗೂ ಗೂಡು ಬೇಯಿಸುವ ವಾಸನೆ ಇರುತ್ತದೆ, ಹೊರಗಿನವರಿಗೆ ತಡೆಯಲಾಗುವುದಿಲ್ಲ. ನನಗೆ ಈಗಲೂ ಆ ವಾಸನೆ ಬಂದರೆ ಕೈಬೆರಳು ತಾವಾಗಿ ಎಲೆ ಹಿಡಿಯುವ ಹಾಗೆ ಮಡಚಿಕೊಳ್ಳುತ್ತವೆ. ಅವರು ಕಲಿಸಿದ ಒಂದೇ ಆಟದ ಗುಟ್ಟನ್ನು ಇಲ್ಲಿ ಬರೆಯುವುದಿಲ್ಲ, ಹಾಗೆಂದು ಮಾತು ಕೊಟ್ಟಿದ್ದೇನೆ. ಇಷ್ಟು ಹೇಳಬಹುದು: ನೋಡುವವರು ಒಂದು ಎಲೆ ತೆಗೆದು, ಎಲ್ಲರಿಗೂ ತೋರಿಸಿ, ಕಟ್ಟಿಗೆ ಸೇರಿಸುತ್ತಾರೆ. ಆಗ ನಾನು ಇನ್ನೊಂದು ಎಲೆಯನ್ನು ನೆನಪಿನಲ್ಲಿಟ್ಟುಕೊಂಡಿರಬೇಕು. ಅದನ್ನು ಮರೆತರೆ ಆಟ ಅಲ್ಲಿಗೆ ಮುಗಿಯಿತು.

ಕೈ ಕಲಿತಿತು, ಬಾಯಿ ಕಲಿಯಲಿಲ್ಲ. "ನನಗೇನೂ ಗೊತ್ತಿಲ್ಲ ಅನ್ನೋ ಹಾಗೆ ಮಾತಾಡ್ಬೇಕು ಅಂತೀರಿ. ಅದು ಸುಳ್ಳಲ್ವಾ?" ಎಂದು ಒಂದು ದಿನ ಕೇಳಿದೆ.

ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮೂವತ್ತಾರು ವರ್ಷ ಮಕ್ಕಳಿಗೆ, ಇರುವೆ ಕಚ್ಚಿದ ಹಾಗೆ ಅಷ್ಟೇ ಮರಿ ಅಂದ್ರಲ್ಲ. ಅದು ಯಾವ ಊರಿನ ಇರುವೆ ಸಿಸ್ಟರ್?"

ನಾನು ಎಲೆ ಕಲೆಸತೊಡಗಿದೆ.

ಗೌರಿಬಿದನೂರಿನಲ್ಲಿ ಎಲ್ಲರಿಗೂ ನಾನು ಗೊತ್ತು. ಅರ್ಧ ಊರಿನ ಹೆರಿಗೆಗೆ ನಿಂತವಳು. ಶಿಡ್ಲಘಟ್ಟದಲ್ಲಿ ಎಲ್ಲರಿಗೂ ಅವರು ಗೊತ್ತು. ನಡುವೆ ಚಿಕ್ಕಬಳ್ಳಾಪುರದಲ್ಲಿ ನಾನು ಬಸ್ಸು ಬದಲಿಸಬೇಕು, ಮುಕ್ಕಾಲು ಗಂಟೆ ಕಾಯಬೇಕು. ಅಪರಿಚಿತರು ಬೇಕೆಂದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಶಿಡ್ಲಘಟ್ಟದ ಬಸ್ಸು ನಿಲ್ಲುವ ಕಡೆ, ಕಂಬದ ಪಕ್ಕದ ಕಲ್ಲುಬೆಂಚು ಆರಿಸಿಕೊಂಡೆ. ಕಂಬದ ಬುಡದಲ್ಲಿ ಸೇವಂತಿಗೆ ಬುಟ್ಟಿ ಇಟ್ಟುಕೊಂಡು ಗಂಗುಲಮ್ಮ ಎಂಬ ಹೂವಿನಾಕೆ ಕೂರುತ್ತಿದ್ದಳು.

ಏಪ್ರಿಲ್ ಮೊದಲ ಭಾನುವಾರ, ಒಂಬತ್ತು ಹತ್ತು. ಹಾಜರಿದ್ದವರು: ಪಂಚೆ ಉಟ್ಟ ಹಿರಿಯರೊಬ್ಬರು, ಗಂಗುಲಮ್ಮ, ನಾನು. ಬೆಂಚಿನ ಮೇಲೆ ಬಿಳಿ ಟವೆಲ್ಲು ಹಾಸಿ, ಸೆರಗು ಸರಿಮಾಡಿಕೊಂಡು, ಆ ಹಿರಿಯರಿಗೆ ಹೇಳಿದೆ: "ಕೈ ಚಾಚಿ."

ಅವರು ತಕ್ಷಣ ಅಂಗಿಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿದರು. "ಬಿಪಿ ಎಷ್ಟದೆ ನೋಡಮ್ಮ. ಬೆಳಗ್ಗೆ ಮಾತ್ರೆ ನುಂಗಿಲ್ಲ."

"ಬಿಪಿ ಅಲ್ಲ. ಇದರಲ್ಲಿ ಒಂದು ಎಲೆ ತೆಗೆಯಿರಿ. ನೋಡಿ. ನನಗೆ ತೋರಿಸಬೇಡಿ."

ಅವರು ಎಲೆ ತೆಗೆದು, ತೋಳಿನಷ್ಟು ದೂರ ಹಿಡಿದು, ಒಂದು ಕಣ್ಣು ಮುಚ್ಚಿ ಗಟ್ಟಿಯಾಗಿ ಓದಿದರು. "ಕಳಾವರ್ ಒಂಬತ್ತು." ಇನ್ನೊಂದು ಕಣ್ಣು ಮುಚ್ಚಿ, "ಕಳಾವರ್ ಒಂಬತ್ತು. ಎರಡೂ ಚೆನ್ನಾಗೇ ಕಾಣ್ತವೆ. ಆಪರೇಷನ್ ಬೇಡ ತಾನೆ?"

ಅಷ್ಟರಲ್ಲಿ ಅವರ ಹಿಂದೆ ಇನ್ನಿಬ್ಬರು ತೋಳು ಮಡಚಿಕೊಂಡು ನಿಂತಿದ್ದರು. ಮೂವರಿಗೂ ನಾಡಿ ನೋಡಿ ಕಳಿಸಿದೆ. ಬೇರೆ ದಾರಿ ತೋಚಲಿಲ್ಲ. ಗಂಗುಲಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡಿದ್ದಳು.

"ಏಮ್ಮಾ, ನೀನು ಆಟ ತೋರಿಸ್ತಿದ್ಯೋ, ರೇಷನ್ ಕಾರ್ಡ್ ವಿಚಾರಣೆ ಮಾಡ್ತಿದ್ಯೋ? ಎತ್ತು, ನೋಡು, ಇಡು. ನಂಗೇ ಭಯ ಆಯ್ತದೆ."

ಅವಳ ನಗು ಲೆಕ್ಕಕ್ಕಿಲ್ಲ. ಅದು ನನ್ನನ್ನು ನೋಡಿ ಬಂದ ನಗು. ನಗು: ಸೊನ್ನೆ.

ಎರಡನೆಯ ಭಾನುವಾರದ ತಪ್ಪು ಪೂರಾ ನನ್ನದೇ. ಹಿಂದಿನ ದಿನ ಎಲೆಗಳನ್ನು ಜೋಡಿಸುವಾಗ ಯೋಚನೆ ಬಂತು: ಬಸ್ ನಿಲ್ದಾಣ, ಎಷ್ಟು ಜನರ ಕೈ. ಒಬ್ಬ ರೋಗಿಗೆ ಬಳಸಿದ್ದನ್ನು ಹಾಗೆಯೇ ಇನ್ನೊಬ್ಬರಿಗೆ ಬಳಸಿದವಳಲ್ಲ ನಾನು. ಹತ್ತಿ ತೆಗೆದುಕೊಂಡು, ಐವತ್ತೆರಡು ಎಲೆಗಳನ್ನೂ ಎರಡೂ ಕಡೆ ಸ್ಪಿರಿಟ್ಟಿನಿಂದ ಒರೆಸಿ, ಒಂದರ ಮೇಲೊಂದು ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟೆ. ತೃಪ್ತಿಯಿಂದ ಮಲಗಿದೆ.

ಮರುದಿನ ಬೆಂಚಿನ ಮೇಲೆ ಹೊಸದಾಗಿ ಮದುವೆಯಾದಂತೆ ಕಾಣುತ್ತಿದ್ದ ಗಂಡಹೆಂಡತಿ. ಹುಡುಗಿ ಉತ್ಸಾಹದಿಂದ ಎಲೆ ಎಳೆದಳು. ಒಂದರ ಜೊತೆ ನಾಲ್ಕು ಬಂದವು. ಬಿಡಿಸಲು ಹೋದಾಗ ಎಲೆಯ ಮೇಲಿನ ನುಣುಪು ಪದರ ಸಿಪ್ಪೆಯಂತೆ ಎದ್ದಿತು. ಅವಳ ಬೆರಳಿಗೆ ಕೆಂಪು ಬಣ್ಣ ಹತ್ತಿತು. "ಇದರಲ್ಲಿ ಯಾವುದು ನಂದು ಆಂಟಿ?" ಎಂದು ಪಾಪ ಕೇಳಿದಳು. ಅಷ್ಟರಲ್ಲಿ ಕಾವಲಿನವನೊಬ್ಬ ಬಂದು ನಿಂತ.

"ಏನ್ರಮ್ಮ ಇದು? ಇಲ್ಲಿ ಎಲೆ ಆಡೋ ಹಂಗಿಲ್ಲ."

"ಜೂಜಲ್ಲಪ್ಪ, ಮ್ಯಾಜಿಕ್ಕು."

"ಹಂಗಾದ್ರೆ ಮಾಡ್ರಿ, ನೋಡಣ."

ನನ್ನ ಕೈಯಲ್ಲಿದ್ದದ್ದು ಒಂದು ಇಟ್ಟಿಗೆ. ಹದಿನೈದು ಇಪ್ಪತ್ತು ಜನ ಸುತ್ತ ನಿಂತಿದ್ದರು. ಅವನು ಆ ಇಟ್ಟಿಗೆಯನ್ನು ನೋಡಿ, ನನ್ನ ನರೆಗೂದಲನ್ನು ನೋಡಿ, ದನಿ ತಗ್ಗಿಸಿದ. "ಹೋಗ್ಲಿ ಬಿಡಮ್ಮ. ಬಿಸ್ಲು ಜಾಸ್ತಿ ಐತೆ. ಮನೇಗೋಗಿ ಕುತ್ಕೋ."

ಅವನು ಬೈದಿದ್ದರೆ ಸುಲಭವಿತ್ತು. ಬೈಗುಳ ಕೇಳಿ ಅಭ್ಯಾಸವಿದೆ. ದೊಡ್ಡ ಡಾಕ್ಟರುಗಳಿಂದಲೂ ಕೇಳಿದ್ದೇನೆ. ಈ ಮೆತ್ತನೆಯ ಮಾತಿಗೆ ನನ್ನ ಕಿವಿ ಬಿಸಿಯಾಯಿತು. ಟವೆಲ್ಲು ಮಡಚಿ ಚೀಲಕ್ಕೆ ಹಾಕಿಕೊಂಡು ಗೌರಿಬಿದನೂರಿನ ಬಸ್ಸು ಎಲ್ಲಿದೆ ಎಂದು ಹುಡುಕಿದೆ. ನಿಜ ಹೇಳುತ್ತೇನೆ, ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು ಎನಿಸಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಾಗ ಸಾಹೇಬರ ಮದುವೆಮನೆ ನೆನಪಾಯಿತು. ಹೊರಗೆ ಬರೋದು, ಅಷ್ಟೇ ಎಂದು ನಾನು ಎಷ್ಟು ಸಲೀಸಾಗಿ ಅಂದಿದ್ದೆ. ಕಾಲು ತೆಗೆದು ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಅಂಟಿಕೊಂಡ ಕಟ್ಟನ್ನು ಸಾಹೇಬರ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಮೂಗಿನ ಹತ್ತಿರ ಹಿಡಿದು ಮೂಸಿದರು.

"ಸ್ಪಿರಿಟ್ಟಾ?"

"ಹೂಂ."

"ಎಲೆಗೂ ಡ್ರೆಸ್ಸಿಂಗ್ ಮಾಡಿದ್ರಾ ಸಿಸ್ಟರ್? ಟಿಟಿ ಇಂಜೆಕ್ಷನ್ ಕೊಟ್ರಾ, ಹಾಗೇ ಕಳ್ಸಿದ್ರಾ?"

ಆಮೇಲೆ ನಗತೊಡಗಿದರು. ಕೆಮ್ಮು ಬರುವವರೆಗೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಜೈನಬ್ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಅವರ ನಗು ಮುಗಿಯುವವರೆಗೂ ಸುಮ್ಮನೆ ನೋಡುತ್ತಾ ನಿಂತಿದ್ದು, ಒಳಗೆ ಹೋದರು.

"ಇದು ಲೆಕ್ಕಕ್ಕುಂಟಾ?" ಎಂದೆ.

"ಇಲ್ಲ. ನಾನು ಗುರುತಿರೋನು."

ಆ ದಿನ ಅವರು ತಮ್ಮ ಸ್ವಂತ ಎಲೆಗಳ ಕಟ್ಟನ್ನು ಕೊಟ್ಟರು. ಗಂಟಲು ಮಾತ್ರೆಯ ಹಳೆಯ ತಗಡಿನ ಡಬ್ಬಿಯಲ್ಲಿತ್ತು. ಮದುವೆಮನೆಯಿಂದ ಬಂದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. "ಒಣ ಬಟ್ಟೇಲಿ ಒರೆಸಿ, ಸಾಕು" ಎಂದರು. ಮತ್ತೆ ಕೇಳಿದರು: "ವಾರ್ಡಿಗೆ ಹೊಸ ಪೇಷೆಂಟ್ ಬಂದ್ರೆ ಮೊದಲು ಏನ್ ಮಾಡ್ತಿದ್ರಿ? ಆರ್ಡರ್ ಹಾಕ್ತಿದ್ರಾ?"

"ಇಲ್ಲ. ನಾಡಿ ಹಿಡೀತಿದ್ದೆ. ಯಾವೂರು ಅಂತ ಕೇಳ್ತಿದ್ದೆ."

"ಮತ್ತೆ? ಅದನ್ನೇ ಮಾಡಿ."

ಹೀಗೆ ನನ್ನ ಆಟ ನಾಡಿಯಾಟವಾಯಿತು. ನೋಡುವವರ ಎಲೆಯನ್ನು ಕಟ್ಟಿನಲ್ಲಿ ಸೇರಿಸಿ, ಎಲ್ಲವನ್ನೂ ಟವೆಲ್ಲಿನ ಮೇಲೆ ಮುಖ ಮೇಲಾಗಿ ಹರಡುವುದು. ಅವರ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಇನ್ನೊಂದು ಕೈಯನ್ನು ಎಲೆಗಳ ಮೇಲೆ ನಿಧಾನವಾಗಿ ಆಡಿಸುವುದು. "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ" ಎನ್ನುವುದು. ಅವರ ಎಲೆಯ ಮೇಲೆ ಬಂದಾಗ, "ಇಲ್ಲಿ ನಾಡಿ ಹಾರಿತು" ಎಂದು ನಿಲ್ಲುವುದು. ಜನ ತಮ್ಮ ಮಣಿಕಟ್ಟನ್ನೇ ದ್ರೋಹಿಯಂತೆ ನೋಡಿಕೊಂಡು ನಗುತ್ತಿದ್ದರು. ಮೊದಲ ನಗು ಚೇಳೂರಿನ ಟೊಮೊಟೊ ವ್ಯಾಪಾರಿಯದು. ಮೇಲಿನ ಸಾಲಿನಲ್ಲಿ ಎರಡು ಹಲ್ಲಿರಲಿಲ್ಲ. ಉಳಿದವು ಸ್ಪಷ್ಟವಾಗಿ ಕಂಡವು.

ಭರಣಿ ಮಳೆ ಎರಡು ದಿನ ಬಿದ್ದು ದೂಳು ಅಡಗಿದ ವಾರ, ಮಂಚೇನಹಳ್ಳಿಯ ಹೆಂಗಸೊಬ್ಬಳು ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಮಡಿಲಲ್ಲಿ ಸ್ಕ್ಯಾನಿಂಗಿನ ದೊಡ್ಡ ಕವರು. ಎಲೆ ತೆಗೆಯಿರಿ ಎಂದರೆ ಬೇಡವೆನ್ನಲೂ ಶಕ್ತಿಯಿಲ್ಲದವಳಂತೆ ತೆಗೆದಳು. ಮಣಿಕಟ್ಟು ಹಿಡಿದೆ, ನಾಡಿ ನೂರಹತ್ತು. ಎಲೆಯನ್ನು ತೋರಿಸುವ ಆತುರ ಬಿಟ್ಟು, "ನಿಮ್ಮ ನಾಡಿ ಎಲೆ ವಿಷ್ಯ ಮಾತಾಡ್ತಿಲ್ಲಮ್ಮ. ಯಾರದು ರಿಪೋರ್ಟು?" ಎಂದೆ.

"ನಮ್ಮಮ್ಮಂದು. ಡಾಕ್ಟ್ರು ಏನಂತಾರೋ."

ನಾನು ಕೈ ಬಿಡಲಿಲ್ಲ. ಅವಳ ಬಸ್ಸು ಬರುವವರೆಗೆ ಅವಳ ಅಮ್ಮನ ಬಗ್ಗೆಯೇ ಮಾತಾಡಿದೆವು. ಹತ್ತುವ ಮುಂಚೆ ಅವಳೇ ನೆನಪಿಸಿದಳು: "ಅಮ್ಮಾ, ನನ್ನ ಎಲೆ?" ತೋರಿಸಿದೆ. "ಅಯ್ಯೋ, ಇಷ್ಟೊತ್ತೂ ಗೊತ್ತಿದ್ದು ಸುಮ್ನೆ ಕೂತಿದ್ರಾ!" ಎಂದು ನಕ್ಕಳು. ನೋಟ್‌ಬುಕ್ಕಿನಲ್ಲಿ ಹೀಗಿದೆ: ನಗು: ಒಟ್ಟು ಏಳು. ನಾಡಿ: ಎಂಬತ್ತೆಂಟು.

ಮೇ ಕೊನೆಯ ಹೊತ್ತಿಗೆ ಹತ್ತು ನಗು ತುಂಬಿತು. ಹತ್ತನೆಯವರು ಹಲ್ಲಿಲ್ಲದ ಅಜ್ಜಿ. ಜೈನಬ್ ಕೇಳಿದ್ದ ಪ್ರಶ್ನೆ ಉಪಯೋಗಕ್ಕೆ ಬಂತು. ಪಟ್ಟಿಯನ್ನು ಸಾಹೇಬರ ಮುಂದಿಟ್ಟೆ. ಅವರು ಒಂದೊಂದನ್ನೂ ಓದಿ, ಒಂದೊಂದರ ಕಥೆಯನ್ನೂ ಕೇಳಿ, ಕೊನೆಗೆ ಹೇಳಿದರು: "ಬಿಸಿಲು ತುಂಬಾ ಇದೆ ಸಿಸ್ಟರ್. ಮುಂದಿನ ವಾರ."

ಮುಂದಿನ ವಾರ ಹೋದರೆ ಹಲ್ಲುನೋವು. ಆಗ ನಾನು ಆಡಬಾರದ ಮಾತು ಆಡಿದೆ. "ಕೈ ನಡುಗೋದು ಕಾಯಿಲೆ ಸಾಹೇಬ್ರೇ. ಕೊಟ್ಟ ಮಾತು ನಡುಗೋದು ಕಾಯಿಲೆ ಅಲ್ಲ."

ಅವರು ಎದ್ದು ಒಳಗೆ ಹೋದರು. ಜೈನಬ್ ಬಾಗಿಲವರೆಗೆ ಬಂದು, "ಅಷ್ಟು ಗಟ್ಟಿಯಾಗಿ ಬೈಯಿರಿ ಅಂದಿರ್ಲಿಲ್ಲ ನಾನು" ಎಂದರು. ಆ ದಿನದ ಪುಟದಲ್ಲಿ ಒಂದೇ ಸಾಲು: ಡೋಸ್ ಹೆಚ್ಚಾಯಿತು. ತಪ್ಪು ನನ್ನದು.

ವಾರವೆಲ್ಲ ಫೋನ್ ಮಾಡಬೇಕೆಂದುಕೊಂಡು ಮಾಡಲಿಲ್ಲ. ಕ್ಷಮೆ ಕೇಳುವುದಾದರೆ ಎದುರಿಗೆ ನಿಂತೇ ಕೇಳಬೇಕು ಎಂದು ಭಾನುವಾರ ಹೊರಟೆ. ಡಬ್ಬಿ ಚೀಲದಲ್ಲಿತ್ತು, ಅವರಿಗೇ ಹಿಂತಿರುಗಿಸುವುದೆಂದು ತೀರ್ಮಾನಿಸಿದ್ದೆ.

ಜೂನ್ ಎರಡನೆಯ ಭಾನುವಾರ, ಒಂಬತ್ತು ಇಪ್ಪತ್ತೈದು. ಚಿಕ್ಕಬಳ್ಳಾಪುರ. ಮೋಡ ಕವಿದಿತ್ತು, ಮಳೆಯಿರಲಿಲ್ಲ. ಹಾಜರಿದ್ದವರು: ಗಂಗುಲಮ್ಮ, ಚಿಂತಾಮಣಿ ಕಡೆಗೆ ಹೊರಟಿದ್ದ ಮೂವರು ಹುಡುಗಿಯರು, ಇನ್ನು ಹತ್ತು ಹನ್ನೆರಡು ಜನ. ಆಟವಾಡುವ ಮನಸ್ಸಿರಲಿಲ್ಲ. ಗಂಗುಲಮ್ಮನೇ ಆ ಹುಡುಗಿಯರಿಗೆ, "ಈಯಮ್ಮ ಕೈ ಹಿಡಿದು ಎಲೆ ಹೇಳ್ತಾಳೆ, ಕೇಳ್ರಿ" ಎಂದು ಹಚ್ಚಿಕೊಟ್ಟಳು. ಮೂವರೂ ನರ್ಸಿಂಗ್ ಓದುವವರೆಂದು ತಿಳಿದ ಮೇಲೆ ಇಲ್ಲವೆನ್ನಲಾಗಲಿಲ್ಲ.

ಅವರಲ್ಲಿ ಎರಡು ಜಡೆಯವಳು ಎಲೆ ತೆಗೆದಳು. ನಾನು ತಲೆ ತಿರುಗಿಸಿಕೊಂಡೆ. ಅವಳು ಎಲೆಯನ್ನು ಎತ್ತಿ ಹಿಡಿದು ಸುತ್ತಲಿನವರಿಗೆಲ್ಲ ತೋರಿಸಿ, ವಾಪಸು ಕೊಟ್ಟಳು. ನಾನು ನೆನಪಿಡಬೇಕಾದ ಇನ್ನೊಂದು ಎಲೆಯನ್ನು ನೋಡಿಕೊಳ್ಳಬೇಕಾ‌ದ ಗಳಿಗೆ ಅದು. ಆಗ ಗುಂಪಿನ ಹಿಂದೆ, ಶಿಡ್ಲಘಟ್ಟದ ಬಸ್ಸಿನ ಪಕ್ಕ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಟೋಪಿ ಕಂಡವು. ಪಕ್ಕದಲ್ಲಿ ಜೈನಬ್. ಸಾಹೇಬರ ಬಲಗೈ ಜೇಬಿನಲ್ಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ನನ್ನ ಕೈ ತಾನಾಗಿ ಎಲೆಗಳನ್ನು ಸೇರಿಸಿತು. ನೋಡಿಕೊಳ್ಳಬೇಕಾದದ್ದನ್ನು ನೋಡಿಕೊಳ್ಳಲಿಲ್ಲ.

ಎಲೆಗಳನ್ನು ಟವೆಲ್ಲಿನ ಮೇಲೆ ಹರಡಿದೆ. ಹುಡುಗಿಯ ನಾಡಿ ಹಿಡಿದೆ. ಇರುವೆ ಕಚ್ಚಿದ ಹಾಗೆ ಎಂದೆ. ಕೈಯನ್ನು ಎಲೆಗಳ ಮೇಲೆ ಒಂದು ಸುತ್ತು ಆಡಿಸಿದೆ, ಎರಡು ಸುತ್ತು ಆಡಿಸಿದೆ. ಐವತ್ತೆರಡು ಮುಖಗಳು ನನ್ನನ್ನು ನೋಡುತ್ತಿದ್ದವು, ಒಂದೂ ಮಾತಾಡಲಿಲ್ಲ.

"ನಾಡಿ ಸಿಗ್ತಿಲ್ವಾ ಮೇಡಂ?" ಎಂದಳು ಹುಡುಗಿ.

"ಇವತ್ತು ಕಷ್ಟ ಐತೆ" ಎಂದ ಯಾರೋ. ಗಂಗುಲಮ್ಮನ ಕೈಯಲ್ಲಿ ನಾರು ನಿಂತಿತು.

ನನ್ನಿಂದಾಗಲಿಲ್ಲ ಎಂದು ಹೇಳಲು ಬಾಯಿ ತೆರೆದೆ. "ಸ್ವಲ್ಪ ಸರೀರಿ ಸಿಸ್ಟರ್. ಈ ಕೇಸು ನನಗೆ ಕೊಡಿ" ಎಂಬ ದನಿ ಬಂತು. ಜನ ದಾರಿ ಬಿಟ್ಟರು. ಸಾಹೇಬರು ಬೆಂಚಿನ ಮೇಲೆ ಕುಳಿತು, ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆದರು.

ಅದು ನಡುಗುತ್ತಿತ್ತು. ಮಾರ್ಚಿನಲ್ಲಿ ನೋಡಿದ್ದಕ್ಕಿಂತ ಹೆಚ್ಚು. ಅವರು ಬಚ್ಚಿಡಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಎಲೆಗಳ ಮೇಲೆ ಗಾಳಿಯಲ್ಲಿ ಹಿಡಿದರು. "ನೋಡಮ್ಮ, ನನ್ನ ಕೈಗೆ ನಿನ್ನ ಎಲೆ ಎಲ್ಲಿದೆ ಅಂತ ಗೊತ್ತಿಲ್ಲ. ಅದಕ್ಕೇ ಗಾಬರಿ. ಹುಡುಕ್ತಾ ಇದೆ." ಕೈ ಇಸ್ಪೀಟು ರಾಜನ ಮೇಲೆ ನಡುಗಿತು, ಡೈಮಂಡ್ ನಾಲ್ಕರ ಮೇಲೆ ನಡುಗಿತು, ಕಳಾವರ್ ರಾಣಿಯ ಮೇಲೆ ನಡುಗಿತು. ಜನ ಬಗ್ಗಿ ನಿಂತರು. ಒಂದು ಬಸ್ಸು ಹೊರಟಿತು. ಅದಕ್ಕೆ ಹೋಗಬೇಕಿದ್ದವರಿಬ್ಬರು ಹೋಗಲಿಲ್ಲ. ಸಾಹೇಬರು ಕೈಯನ್ನು ನಿಧಾನವಾಗಿ ತಂದು, ಒಂದು ಕ್ಷಣ ತಡೆದು, ಆಟೀನ್ ಏಳರತ್ತ ಚಾಚಿದರು.

ಕೈ ನಿಂತಿತು. ಮೇಜಿನ ಮೇಲಿಟ್ಟ ಕಲ್ಲಿನಂತೆ ನಿಂತಿತು. ಎರಡು ಬೆರಳಿನಿಂದ ಆ ಎಲೆಯನ್ನೆತ್ತಿ ಹುಡುಗಿಗೆ ಕೊಟ್ಟರು. ಕೊಟ್ಟು, ನಡುಕ ಮತ್ತೆ ಬರುವ ಮೊದಲೇ ಕೈ ತೊಡೆಯ ಮೇಲಿತ್ತು.

ಹುಡುಗಿ ಕಿರುಚಿಕೊಂಡಳು. ಗಂಗುಲಮ್ಮ ಒಂದು ಮಾರು ಸೇವಂತಿಗೆಯನ್ನು ನನ್ನ ಮೇಲೆಯೇ ಎಸೆದಳು. ಎಲ್ಲರೂ ನಗುತ್ತಿದ್ದರು; ನಾನು ಲೆಕ್ಕ ಹಿಡಿಯಲಿಲ್ಲ. ಎರಡು ಜಡೆಯವಳು ಗೆಳತಿಗೆ ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ತಾತ ಎಷ್ಟು ಚೆನ್ನಾಗಿ ನಡುಗೋ ಆಕ್ಟಿಂಗ್ ಮಾಡ್ತಾರೆ ಕಣೇ. ನಮ್ ಟೆಕ್ಸ್ಟ್‌ಬುಕ್ಕಲ್ಲಿ ಇದ್ಯಲ್ಲ, ಥೇಟ್ ಹಾಗೇ."

ಮೂವತ್ತಾರು ವರ್ಷದ ನರ್ಸು ನಾನು. ನರ್ಸಾಗುವವಳೊಬ್ಬಳು ಕಣ್ಣೆದುರು ತಪ್ಪು ಮಾಡಿದರೆ ತಿದ್ದಬೇಕು. ತುಟಿ ಬಿಗಿಹಿಡಿದು ಸಾಹೇಬರ ಮುಖ ನೋಡಿದೆ.

"ಮೂರು ವರ್ಷದಿಂದ ದಿನಾ ಪ್ರಾಕ್ಟೀಸ್ ಮಾಡಿದೀನಮ್ಮ" ಎಂದರು ಅವರು.

ಹುಡುಗಿ ಆ ಎಲೆಯನ್ನು ತನಗೇ ಕೊಡಿ, ಸೈನ್ ಹಾಕಿ ಕೊಡಿ ಎಂದು ಹಟ ಹಿಡಿದಳು. ಸಾಹೇಬರು ನನ್ನ ಪೆನ್ನು ಇಸಿದುಕೊಂಡು ಆಟೀನ್ ಏಳರ ಬಿಳಿ ಜಾಗದಲ್ಲಿ ಅಕ್ಕಿ ಕಾಳಿನಂಥ ಸಹಿ ಹಾಕಿದರು. "ಸಹಿ ಕೂಡ ಸೀಕ್ರೆಟ್ಟಾ?" ಎಂದು ಅದನ್ನು ಕಣ್ಣ ಹತ್ತಿರ ಹಿಡಿದುಕೊಂಡೇ ಅವಳು ಬಸ್ಸು ಹತ್ತಿದಳು.

ಗುಂಪು ಕರಗಿದ ಮೇಲೆ ಕೇಳಿದೆ: "ಎಲೆ ಹೇಗೆ ಗೊತ್ತಾಯ್ತು ಸಾಹೇಬ್ರೇ? ಅಷ್ಟು ದೂರ ನಿಂತಿದ್ರಿ."

"ಆ ಹುಡುಗಿ ಎತ್ತಿ ಎಲ್ಲರಿಗೂ ತೋರಿಸಿದಳಲ್ಲ. ಆ ಎಲ್ಲರಲ್ಲಿ ನಾನೂ ಒಬ್ಬ." ಟೋಪಿ ಸರಿಮಾಡಿಕೊಂಡು, "ನಿಂತಿದ್ದೆ, ಯಾರೂ ನನ್ನ ಕೈ ನೋಡ್ಲಿಲ್ಲ ಸಿಸ್ಟರ್. ಎಲ್ರೂ ನಿಮ್ಮ ಕೈ ನೋಡ್ತಿದ್ರು."

"ಹೋದ ವಾರ ನಾನಾಡಿದ ಮಾತು" ಎಂದು ಶುರುಮಾಡಿದೆ.

"ಯಾವ ಮಾತು?" ಎಂದರು ಜೈನಬ್ ಅಡ್ಡ ಬಂದು. "ಹಲ್ಲುನೋವು ವಾಸಿಯಾಯ್ತು ಇವ್ರಿಗೆ. ಅಷ್ಟು ಸಾಕು."

ಮೂವರೂ ನಿಲ್ದಾಣವನ್ನು ಎರಡು ಸುತ್ತು ನಡೆದೆವು. ಮೊದಲ ಸುತ್ತಿನಲ್ಲಿ ಕಾವಲಿನವನು ನನ್ನ ಗುರುತು ಹಿಡಿದು, ಇವತ್ತು ಚೆನ್ನಾಗಾಯ್ತು ಎಂಬಂತೆ ತಲೆಯಾಡಿಸಿದ. ಮೂವತ್ತೆರಡು ನಿಮಿಷ. "ಚಾರ್ಟಲ್ಲಿ ಹಾಕ್ಕೊಳ್ಳಿ" ಎಂದರು ಸಾಹೇಬರು. ಹನ್ನೊಂದು ಹತ್ತಕ್ಕೆ ಅವರನ್ನು ಶಿಡ್ಲಘಟ್ಟದ ಬಸ್ಸಿಗೆ ಹತ್ತಿಸಿದೆ. ಡಬ್ಬಿ ಕೊಡಲು ಹೋದರೆ ಕಿಟಕಿಯಿಂದಲೇ ತಳ್ಳಿದರು. "ನಿಮ್ಮ ಹತ್ರಾನೇ ಇರ್ಲಿ. ಮುಂದಿನ ಭಾನುವಾರ ಒಂಬತ್ತಕ್ಕೆ ನಾನಿಲ್ಲಿ ಇರ್ತೀನಿ. ತಡ ಮಾಡ್ಬೇಡಿ."

ಅಂದಿನಿಂದ ಇವತ್ತಿನವರೆಗೆ ಅವರು ತಪ್ಪಿಸಿದ್ದು ಆರು ಭಾನುವಾರ, ನಾನು ಎರಡು.

ಆ ದಿನ ಮನೆಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಪದ್ಮ ನನ್ನ ಮುಡಿಯಲ್ಲಿದ್ದ ಸೇವಂತಿಗೆಯನ್ನು ಒಮ್ಮೆ ನೋಡಿ ಊಟಕ್ಕೆ ಬಡಿಸಿದಳು. ಊಟ ಮಾಡಿ, ಬಿಳಿ ಟವೆಲ್ಲು ಒಗೆದು ಒಣಹಾಕಿದೆ. ಕಿಟಕಿ ತೆರೆದು, ಅದರ ಮುಂದೆ ಕುಳಿತು, ಎಲೆಗಳನ್ನು ಒಣ ಬಟ್ಟೆಯಿಂದ ಒಂದೊಂದಾಗಿ ಒರೆಸಿ ಎಣಿಸಿದೆ. ಐವತ್ತೊಂದು. ಎರಡನೆಯ ಸಲ ಎಣಿಸಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ, ನೋಟ್‌ಬುಕ್ಕಿನಲ್ಲಿ ಬರೆದೆ: ಎಲೆ ಐವತ್ತೊಂದು. ಎಲ್ಲ ಸರಿಯಾಗಿದೆ. ಸಹಿ ಹಾಕಿದೆ.